ಜಿಂಕೆಯ ಕಾಡಿಗೆ ಬೆಳಕು ತರುವ ಸಾಮಾನು: ಕೈಗೊಡಲಿ, ಪಿಚಕಾರಿ ಬಾಟಲಿ, ಎರಡು ಮದ್ದು

ಅಮೆರಿಕದ ಪೂರ್ವ ರಾಜ್ಯಗಳಲ್ಲಿ ಓಕ್, ಮೇಪಲ್, ಹಿಕರಿ ಬೆಳೆದ ಸ್ವಂತ ಕಾಡಿರುವವರು ಬೇಟೆಯ ಬಿಳಿಬಾಲದ ಜಿಂಕೆ ತಮ್ಮ ಜಾಗದಲ್ಲೇ ನಿಲ್ಲಲಿ ಎಂದು ಮೊದಲು ದುಡ್ಡು ಹಾಕುವುದು ಮೇವಿನ ಬೀಜಕ್ಕೆ, ಮೆಕ್ಕೆಜೋಳದ ಫೀಡರಿಗೆ, ಪ್ರಾಣಿ ಹಾದಾಗ ಚಿತ್ರ ತೆಗೆಯುವ ಟ್ರೇಲ್ ಕ್ಯಾಮೆರಾಕ್ಕೆ. ಆ ಪಟ್ಟಿಯ ಕೊನೆಯಲ್ಲೂ ಕಾಣಿಸದ ಕೆಲವು ಸಾಮಾನುಗಳ ವಿಮರ್ಶೆ ಇದು: ಒಂದೂಕಾಲು ಪೌಂಡ್ ತೂಕದ ಕೈಗೊಡಲಿ, ಮದ್ದಿಗೆ ಜಗ್ಗದ ಪಿಚಕಾರಿ ಬಾಟಲಿ, ಮತ್ತೆ ಗಾರ್ಲಾನ್ 3ಎ, ಆರ್ಸೆನಲ್ ಎಸಿ ಎಂಬ ಎರಡು ಕಳೆನಾಶಕ. ಇವನ್ನು ಕೂಡಿಸಿ ಮಾಡುವ ಕೆಲಸಕ್ಕೆ ಅಲ್ಲಿ ಹ್ಯಾಕ್ ಆ್ಯಂಡ್ ಸ್ಕ್ವರ್ಟ್ ಅನ್ನುತ್ತಾರೆ. ಬೇಡದ ಮರಕ್ಕೆ ಕಚ್ಚು ಹಾಕುವುದು, ಕಚ್ಚಿನೊಳಗೆ ಅಳತೆಯ ಮದ್ದು ಬಿಡುವುದು, ಮರವನ್ನು ನಿಂತಲ್ಲೇ ಒಣಗಲು ಬಿಡುವುದು. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಬೀಜಕ್ಕಿಂತ ಮೊದಲು, ಚೈನ್‌ಸಾಗಿಂತಲೂ ಮೊದಲು ಕೊಳ್ಳಬೇಕಾದ್ದು ಇದು. ಆದರೆ ಅಳತೆ ತಪ್ಪಿದರೆ ಎರಡು ವರ್ಷದ ಬೆವರು ನೀರಲ್ಲಿ ಹೋಮ.

ಜಿಂಕೆ ಹಸುವಿನ ಹಾಗೆ ಸಿಕ್ಕ ಹುಲ್ಲನ್ನೆಲ್ಲ ಮೇಯುವ ಪ್ರಾಣಿಯಲ್ಲ. ಮೆಲುಕು ಹಾಕಿದರೂ ಅದರ ಬಾಯಿ ಸಣ್ಣದು, ಆಯ್ಕೆ ಬಿಗಿ. ಎಳೆಯ ಚಿಗುರು, ಅಗಲೆಲೆಯ ಕಳೆಗಿಡ, ಮುಳ್ಳುಬಳ್ಳಿಯ ತುದಿ, ಬಿದ್ದ ಕಾಯಿ ಇವೇ ಅದರ ಊಟ. ಎಲೆಚಪ್ಪರ ಪೂರ್ತಿ ಮುಚ್ಚಿದ ಗಟ್ಟಿಮರದ ಕಾಡಿನಲ್ಲಿ ನೆಲಕ್ಕೆ ಬಿಸಿಲು ಬೀಳದೆ ಇದ್ಯಾವುದೂ ಹುಟ್ಟುವುದಿಲ್ಲ. ಅಂಥ ಕಾಡಿನಲ್ಲಿ ಜಿಂಕೆ ಇಷ್ಟಪಟ್ಟು ತಿನ್ನುವ ಮೇವು ಎಕರೆಗೆ ಒಣತೂಕದಲ್ಲಿ 100 ಪೌಂಡ್ ಕೂಡ ದಾಟದಿರುವುದು ಸಾಮಾನ್ಯ. ಅದೇ ನೆಲಕ್ಕೆ ಮೂರರಲ್ಲೊಂದು ಪಾಲು ಬಿಸಿಲು ಇಳಿದು, ಮೂರರಿಂದ ಐದು ವರ್ಷಕ್ಕೊಮ್ಮೆ ತೆಳುವಾಗಿ ಬೆಂಕಿ ಹಾಯ್ದರೆ ಆ ತೂಕ ಹಲವು ಪಟ್ಟು ಏರುತ್ತದೆ. ಪೋಕ್‌ವೀಡ್, ಬ್ಲ್ಯಾಕ್‌ಬೆರಿ, ಗ್ರೀನ್‌ಬ್ರಯರ್, ರ್‍ಯಾಗ್‌ವೀಡ್ ಇವಕ್ಕೆ ಬಿತ್ತನೆ ಬೇಡ. ಬೀಜ ಮಣ್ಣಲ್ಲೇ ಮಲಗಿರುತ್ತದೆ, ಬೆಳಕಿಗೆ ಕಾಯುತ್ತಿರುತ್ತದೆ. ಓಕ್ ಕಾಯಿ ಶರತ್ಕಾಲದ ಕೆಲವು ವಾರಗಳ ಊಟ ಮಾತ್ರ, ಅದೂ ಕೆಲವು ವರ್ಷ ಕೈಕೊಡುತ್ತದೆ. ಮರಿಗೆ ಹಾಲೂಡುವ ಹೆಣ್ಣು, ಕೊಂಬು ಬೆಳೆಸುವ ಗಂಡು, ಎರಡಕ್ಕೂ ಬೇಸಿಗೆಯಲ್ಲಿ ಬೇಕಾದ ಪ್ರೋಟೀನು ಸಿಗುವುದು ಈ ಸೊಪ್ಪಿನಿಂದಲೇ.

ಹಾಗಾಗಿ ಈ ಸಾಮಾನಿನಿಂದ ನಾವು ಕೊಳ್ಳುತ್ತಿರುವುದು ಬಿಸಿಲು. ಎಷ್ಟು ಬಿಸಿಲು ಅನ್ನುವುದನ್ನು ಕೊಡಲಿ ಎತ್ತುವ ಮೊದಲು ತೀರ್ಮಾನಿಸಬೇಕು.

ಕೊಡಲಿಗೆ ಮೊದಲು ಒಂದು ನಾಣ್ಯ

ಕಾಡು ಎಷ್ಟು ದಟ್ಟ ಅನ್ನುವುದನ್ನು ಅರಣ್ಯದವರು ಬೇಸಲ್ ಏರಿಯಾ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ನೆಲದಿಂದ 4.5 ಅಡಿ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ, ಎಲ್ಲ ಮರಗಳನ್ನೂ ಅಡ್ಡ ಕೊಯ್ದರೆ ಕಾಣುವ ಮುಖಗಳ ಒಟ್ಟು ವಿಸ್ತೀರ್ಣ ಅದು, ಎಕರೆಗೆ ಚದರಡಿಯಲ್ಲಿ. ಮುಚ್ಚಿದ ಗಟ್ಟಿಮರದ ಕಾಡಿನಲ್ಲಿ ಇದು 100ರಿಂದ 120 ಇರುತ್ತದೆ. ಜಿಂಕೆಯ ಮೇವು ಚೆನ್ನಾಗಿ ಏಳಬೇಕಾದರೆ 50-60ಕ್ಕೆ ಇಳಿಸಬೇಕು. ಅಳೆಯಲು ಗಾಜಿನ ಪ್ರಿಸಮ್ ಮಾರುತ್ತಾರೆ, ಒಳ್ಳೆಯದೇ. ಆದರೆ ಅಮೆರಿಕದ ಒಂದು ಸೆಂಟಿನ ನಾಣ್ಯವೂ ಆ ಕೆಲಸ ಮಾಡುತ್ತದೆ. ಅದರ ಅಗಲ 0.75 ಇಂಚು. ಕಣ್ಣಿನಿಂದ 24.75 ಇಂಚು ದೂರಕ್ಕೆ ದಾರ ಕಟ್ಟಿ ಹಿಡಿದು, ನಿಂತಲ್ಲೇ ಒಂದು ಸುತ್ತು ತಿರುಗಿ, ಎದೆಮಟ್ಟದಲ್ಲಿ ನಾಣ್ಯಕ್ಕಿಂತ ಅಗಲವಾಗಿ ಕಾಣುವ ಮರಗಳನ್ನು ಎಣಿಸಿ. ಎಣಿಕೆಯನ್ನು ಹತ್ತರಿಂದ ಗುಣಿಸಿದರೆ ಎಕರೆಯ ಲೆಕ್ಕ ಸಿಗುತ್ತದೆ. ಹನ್ನೊಂದು ಮರ ಕಂಡರೆ 110. ಅಲ್ಲಿ ಐದಾರು ಮರ ಮಾತ್ರ ಉಳಿಯಬೇಕು ಎಂದರ್ಥ. ಈ ಮಾತು ಕೇಳಿ ಹೆಚ್ಚಿನವರು ಗಾಬರಿಯಾಗುತ್ತಾರೆ, ಅರ್ಧ ಮನಸ್ಸಿನಿಂದ ಎರಡು ಮರ ಕೊಂದು ನಿಲ್ಲಿಸುತ್ತಾರೆ. ಪಕ್ಕದ ಮರಗಳು ಕೊಂಬೆ ಚಾಚಿ ಕೆಲವೇ ವರ್ಷದಲ್ಲಿ ಆ ಕಂಡಿಯನ್ನು ಮುಚ್ಚಿಬಿಡುತ್ತವೆ, ಕೆಳಗೆ ಮತ್ತೆ ಕತ್ತಲೆ.

ಗುರುತು ಹಾಕುವ ಕೆಲಸ ಉಳಿಸುವ ಮರದಿಂದ ಶುರುವಾಗಲಿ. ಬಿಳಿ ಓಕ್, ಕೆಂಪು ಓಕ್ ಎರಡೂ ಗುಂಪಿನವು ಇರಲಿ. ಬಿಳಿ ಓಕಿನ ಕಾಯಿ ಒಂದೇ ಹಂಗಾಮಿನಲ್ಲಿ ಬಲಿತರೆ ಕೆಂಪು ಓಕಿಗೆ ಎರಡು ಬೇಕು, ಆದ್ದರಿಂದ ವಸಂತದ ಹಿಮ ಹೂವು ಸುಟ್ಟ ವರ್ಷವೂ ಒಂದು ಗುಂಪು ಕಾಯಿ ಕೊಡುವ ಸಾಧ್ಯತೆ ಉಳಿಯುತ್ತದೆ. ಕಾಯಿ ಬಿಡುವ ಪರ್ಸಿಮನ್ ಮರ ಕಂಡರೆ ಅದಕ್ಕೂ ಗುರುತಿನ ಪಟ್ಟಿ ಕಟ್ಟಿ. ಓಕ್‌ಗಳಲ್ಲೂ ಎಲ್ಲ ಒಂದೇ ಅಲ್ಲ, ಕೆಲವು ಮರ ವರ್ಷ ವರ್ಷವೂ ಬಂಜೆಯೇ. ಆದ್ದರಿಂದ ಆಗಸ್ಟ್ ಕೊನೆಯಲ್ಲಿ ಬೈನಾಕ್ಯುಲರ್ ಹಿಡಿದು ತಲೆ ಎತ್ತಿ ನೋಡಿ ಗುರುತು ಹಾಕುವುದು ಸರಿಯಾದ ಕ್ರಮ, ಒಂದಕ್ಕಿಂತ ಹೆಚ್ಚು ವರ್ಷ ನೋಡಿದರೆ ಇನ್ನೂ ಉತ್ತಮ. ಉಳಿಸುವ ಮರದ ತಲೆಗೆ ತಾಗಿಕೊಂಡಿರುವ ಕೆಂಪು ಮೇಪಲ್, ಸ್ವೀಟ್‌ಗಮ್, ಬೀಚ್, ಸೋರ್‌ವುಡ್, ಐರನ್‌ವುಡ್ ಇವು ಕೊಡಲಿಗೆ ಸಿಗಬೇಕಾದವು.

ಇಲ್ಲೊಂದು ಎಚ್ಚರಿಕೆ. ಬೇಡದ ಮರ ದಪ್ಪವಾಗಿದ್ದು, ನೇರವಾಗಿದ್ದು, ಮಾರಾಟಕ್ಕೆ ಬರುವಂತಿದ್ದರೆ ಅದಕ್ಕೆ ಮದ್ದು ಹಾಕುವುದು ದುಡ್ಡು ಸುಟ್ಟಂತೆ. ಅಂಥ ಕಾಡಿಗೆ ಮೊದಲು ಬರಬೇಕಾದವರು ಸ್ವತಂತ್ರ ಸಲಹಾ ಅರಣ್ಯತಜ್ಞರು. ಮರ ಕೊಳ್ಳುವ ಮಿಲ್ಲಿನ ಕಡೆಯವರಲ್ಲ, ಜಮೀನಿನ ಮಾಲೀಕರ ಪರವಾಗಿ ಗುರುತು ಹಾಕಿ ಹರಾಜು ನಡೆಸುವವರು. ಅವರು ಮಾರಿಸಿದ ಮೇಲೆ ಉಳಿದ ಸೊಟ್ಟ, ಟೊಳ್ಳು, ಸಣ್ಣ ಮರಗಳಿಗೆ ಈ ಕೈಗೊಡಲಿ.

ಕೊಡಲಿ

ಒಂದೂಕಾಲು ಪೌಂಡ್ ತಲೆ, 14 ಇಂಚಿನ ಹಿಡಿ, ಈ ಅಳತೆ ಒಂದೇ ಕೈಯಲ್ಲಿ ಬೀಸಲು ಸರಿ. ಎಸ್ಟ್‌ವಿಂಗ್‌ನಂಥ ಹಿಡಿ-ತಲೆ ಒಂದೇ ಉಕ್ಕಿನ ತುಂಡಿನಿಂದ ಆದ ಕೊಡಲಿಗಳಲ್ಲಿ ತಲೆ ಸಡಿಲವಾಗಿ ಹಾರುವ ಭಯವಿಲ್ಲ. ಆದರೆ ಪ್ರತಿ ಏಟೂ ಮೊಣಕೈಗೆ ತಟ್ಟುತ್ತದೆ, ದಿನವಿಡೀ ಹಿಕರಿಗೆ ಹೊಡೆಯುವವರಿಗೆ ಮರದ ಹಿಡಿಯೇ ಹಿತ. ಎರಡಕ್ಕೂ ಒಂದು ತಿದ್ದುಪಡಿ ಬೇಕು. ಅಂಗಡಿಯಿಂದ ಬರುವ ಬಾಯಿ ಮೂರು ಇಂಚಿಗಿಂತ ಅಗಲ ಇರುತ್ತದೆ. ಅಷ್ಟು ಅಗಲದ ಬಾಯಿ ದಪ್ಪ ತೊಗಟೆಯಲ್ಲಿ ಆಳಕ್ಕೆ ಇಳಿಯುವುದಿಲ್ಲ, ಒಂದು ವೇಳೆ ಇಳಿದರೂ ಕಚ್ಚಿನ ಎರಡು ತುದಿಯಿಂದ ಮದ್ದು ಸೋರಿ ತೊಗಟೆಯ ಮೇಲೆ ಹರಿಯುತ್ತದೆ. ಗ್ರೈಂಡರಿನಲ್ಲಿ ಎರಡು ಮೂಲೆ ಸವೆಸಿ ಬಾಯಿಯನ್ನು 1.75 ಇಂಚಿಗೆ ತನ್ನಿ. ಸವೆಸುವಾಗ ಪದೇ ಪದೇ ನೀರಲ್ಲಿ ಅದ್ದಿ. ಉಕ್ಕು ನೀಲಿ ತಿರುಗಿತೆಂದರೆ ಹದ ಹೋಯಿತು, ಆಮೇಲೆ ಅಲಗು ನಿಲ್ಲುವುದಿಲ್ಲ. ಜೇಬಲ್ಲೊಂದು ಅರ ಇರಲಿ. ಮೊಂಡು ಕೊಡಲಿ ಕಚ್ಚು ಹಾಕದೆ ತೊಗಟೆ ಜಜ್ಜುತ್ತದೆ.

ಕೊಡಲಿಯೊಳಗಿಂದಲೇ ಏಟಿಗೆ ಇಷ್ಟೆಂದು ಮದ್ದು ಹರಿಯುವ ಇಂಜೆಕ್ಟರ್ ಮಾದರಿಯೂ ಇದೆ. ಕಾಗದದ ಮೇಲೆ ಸೊಗಸು. ಕೆಲಸದಲ್ಲಿ ಅದರ ಕೊಳವೆ, ಸೀಲು, ತೂತುಗಳನ್ನು ಪ್ರತಿ ಸಂಜೆ ತೊಳೆಯಬೇಕು, ಏಟಿನ ರಭಸಕ್ಕೆ ಮದ್ದು ಮುಖದತ್ತ ಸಿಡಿಯುವ ಅಪಾಯವೂ ಇದೆ. ನೂರಾರು ಎಕರೆಯ ಗುತ್ತಿಗೆ ಕೆಲಸಕ್ಕೆ ಇರಬಹುದು, ಸ್ವಂತ ಕಾಡಿಗೆ ಶಿಫಾರಸು ಮಾಡುವುದಿಲ್ಲ.

ಬಾಟಲಿ

ಈ ಸೆಟ್ಟಿನಲ್ಲಿ ಜನ ಅತಿ ಕಡಿಮೆ ಗಮನ ಕೊಡುವ, ಅತಿ ಹೆಚ್ಚು ತೊಂದರೆ ಕೊಡುವ ಸಾಮಾನು ಇದೇ. ಅಡುಗೆಮನೆಯ ಸ್ಪ್ರೇ ಬಾಟಲಿಯ ಸೀಲು ಈ ಮದ್ದಿಗೆ ಬೇಗ ಉಬ್ಬಿ ಕೆಡುತ್ತದೆ. ಆಮೇಲೆ ಗುಂಡಿ ಒತ್ತಿದಾಗಲೆಲ್ಲ ಹಿಂದಿನಿಂದ ಹನಿ ಬೆರಳಿಗೆ ಇಳಿಯುತ್ತದೆ. ರಾಸಾಯನಿಕ ತಡೆಯುವ ಸೀಲಿರುವ, ಒಂದು ಕ್ವಾರ್ಟ್ (946 ಮಿಲಿ) ಹಿಡಿಯುವ, ದಪ್ಪ ಗೋಡೆಯ ಬಾಟಲಿ ಕೊಳ್ಳಿ. ನಳಿಕೆ ತುಂತುರಿಗಲ್ಲ, ನೇರ ಧಾರೆಗೆ ತಿರುಗಿರಬೇಕು. ಸೊಂಟಕ್ಕೆ ಕಟ್ಟುವ ಚೀಲದಲ್ಲಿ ನೆಟ್ಟಗೆ ನಿಲ್ಲಬೇಕು, ಅಡ್ಡ ಮಲಗಿ ಸೋರಿದರೆ ತೊಡೆಯೇ ಅದರ ಗುರಿ.

ಮದ್ದು ತುಂಬುವ ಮೊದಲು ನೀರು ತುಂಬಿ ಅಳೆಯಿರಿ. ಮಿಲಿಲೀಟರ್ ಗೆರೆಯಿರುವ ಲೋಟಕ್ಕೆ ಹತ್ತು ಸಲ ಪೂರ್ತಿ ಒತ್ತಿ. 10 ಮಿಲಿ ಬಂದರೆ ಒಂದು ಒತ್ತಿಗೆ 1 ಮಿಲಿ, ನಮಗೆ ಬೇಕಾದ್ದು ಅದೇ. 15 ಬಂದರೆ ಗುಂಡಿಯ ಹಿಂದೆ ಸಣ್ಣ ರಬ್ಬರ್ ತುಂಡು ಸಿಗಿಸಿ ಅದರ ಓಟವನ್ನು ಕುಗ್ಗಿಸಿ, ಮತ್ತೆ ಅಳೆಯಿರಿ. ಈ ಐದು ನಿಮಿಷದ ಕೆಲಸ ಬಿಟ್ಟವರು ಒಂದೋ ಮದ್ದು ಚೆಲ್ಲುತ್ತಾರೆ, ಇಲ್ಲವೇ ಮರವನ್ನು ಅರೆಜೀವ ಮಾಡಿ ಬಿಡುತ್ತಾರೆ.

ಮದ್ದು

ಗಾರ್ಲಾನ್ 3ಎಯಲ್ಲಿ ಇರುವುದು ಟ್ರೈಕ್ಲೋಪಿರ್, ನೀರಲ್ಲಿ ಕರಗುವ ಅಮೈನ್ ರೂಪ, ಶೇ. 44.4. ಅಗಲೆಲೆಯ ಮರ-ಗಿಡಗಳಿಗೆ ಮಾರಕ, ಹುಲ್ಲನ್ನು ಮುಟ್ಟುವುದಿಲ್ಲ, ಮಣ್ಣಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಆರ್ಸೆನಲ್ ಎಸಿಯಲ್ಲಿ ಇಮಾಜಪಿರ್, ಶೇ. 53.1. ಇದು ನಿಧಾನಿ, ಆದರೆ ಕೆಂಪು ಮೇಪಲ್, ಹಿಕರಿಯಂಥ ಹಟಮಾರಿ ಮರಗಳನ್ನು ಬೇರಿನಿಂದ ಮುಗಿಸುತ್ತದೆ. ಬ್ಲ್ಯಾಕ್‌ಬೆರಿಗೂ ದ್ವಿದಳ ಜಾತಿಯ ಗಿಡಗಳಿಗೂ ಇದರಿಂದ ಹೆಚ್ಚು ಪೆಟ್ಟಿಲ್ಲ, ಜಿಂಕೆಯ ದೃಷ್ಟಿಯಿಂದ ಇದು ವರ. ಅದೇ ಕಾರಣಕ್ಕೆ ದ್ವಿದಳ ಜಾತಿಯವೇ ಆದ ಲೋಕಸ್ಟ್, ರೆಡ್‌ಬಡ್ ಮರಗಳಿಗೆ ಆರ್ಸೆನಲ್ ಒಂದೇ ಸಾಲದು, ಎಲ್ಮ್ ಕೂಡ ಅದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಒಂದರ ಕೊರತೆ ಇನ್ನೊಂದು ತುಂಬುವುದರಿಂದಲೇ ಎರಡನ್ನೂ ಬೆರೆಸುವುದು.

ಗಟ್ಟಿಮರದ ಕಾಡಿನಲ್ಲಿ ಚಾಲ್ತಿಯಲ್ಲಿರುವ ಮಿಶ್ರಣ ಗಾರ್ಲಾನ್ 3ಎ ಶೇ. 50, ನೀರು ಶೇ. 40, ಆರ್ಸೆನಲ್ ಎಸಿ ಶೇ. 10. ಒಂದು ಕ್ವಾರ್ಟ್ ಬಾಟಲಿಗೆ ಇದು ಸುಮಾರು 475, 380, 95 ಮಿಲಿ. ನೀರು ಮೊದಲು, ಮದ್ದು ಆಮೇಲೆ. ಕೊನೆಗೆ ನೀಲಿ ಗುರುತುಬಣ್ಣ ಒಂದಿಷ್ಟು. ಯಾವ ಮರ ಆಯಿತು, ಯಾವುದು ಬಾಕಿ ಎಂದು ಬಣ್ಣವಿಲ್ಲದೆ ಹತ್ತು ನಿಮಿಷದ ಮೇಲೆ ಹೇಳಲು ಬರುವುದಿಲ್ಲ. ಡಬ್ಬಿಯ ಮೇಲಿನ ಲೇಬಲ್ ಅಲ್ಲಿ ಸಲಹೆಯಲ್ಲ, ಕಾನೂನು. ಅದಕ್ಕೆ ವಿರುದ್ಧವಾಗಿ ಬಳಸುವುದು ಫೆಡರಲ್ ಅಪರಾಧ, ರಾಜ್ಯಗಳ ನಿಯಮ ಅದರ ಮೇಲೆ ಬೇರೆ. ಬೆರೆಸುವ ಮೊದಲು ಎರಡೂ ಲೇಬಲ್ ಪೂರ್ತಿ ಓದಿ.

ಗಾರ್ಲಾನ್ 3ಎ ಡಬ್ಬಿಯ ಮೇಲೆ ‘ಡೇಂಜರ್’ ಎಂದು ಬರೆದಿರುವುದು ಕಣ್ಣಿನ ಕಾರಣಕ್ಕೆ. ಗಟ್ಟಿ ಮದ್ದಿನ ಒಂದು ಹನಿ ಕಣ್ಣಿಗೆ ಬಿದ್ದರೆ ಗುಣವಾಗದ ಹಾನಿಯಾಗಬಹುದು. ಬೆರೆಸುವಾಗ ಸುತ್ತಲೂ ಮುಚ್ಚುವ ಗಾಗಲ್ಸ್, ನೈಟ್ರೈಲ್ ಕೈಗವಸು, ಉದ್ದ ತೋಳಿನ ಅಂಗಿ, ಪಕ್ಕದಲ್ಲಿ ಒಂದು ಗ್ಯಾಲನ್ ಶುದ್ಧ ನೀರು, ಇವುಗಳಲ್ಲಿ ಒಂದು ಕಡಿಮೆಯಿದ್ದರೂ ಡಬ್ಬಿ ತೆರೆಯಬೇಡಿ.

ಆರ್ಸೆನಲಿನ ದೋಷ ಒಂದೇ, ಆದರೆ ದೊಡ್ಡದು. ಅದು ಮಣ್ಣಲ್ಲಿ ತಿಂಗಳುಗಟ್ಟಲೆ ಜೀವಂತ. ಸತ್ತ ಮರದ ಬೇರಿನಿಂದ ಹೊರಬಂದು, ಅಥವಾ ಒಂದೇ ಜಾತಿಯ ಮರಗಳ ಬೇರು ಒಂದಕ್ಕೊಂದು ಕೂಡಿಕೊಂಡಿದ್ದರೆ ಅದರ ಮೂಲಕ ಹಾಯ್ದು, ಉಳಿಸಬೇಕಾದ ಮರಕ್ಕೂ ಪೆಟ್ಟು ಕೊಡಬಹುದು. ಬೆಲೆಬಾಳುವ ಓಕಿನ ಮಗ್ಗುಲಲ್ಲೇ ಬೇಡದ ಓಕ್ ಇದ್ದರೆ ಆರ್ಸೆನಲ್ ಬಿಡಿ, ಗಾರ್ಲಾನ್ 3ಎಯನ್ನು ಸಮಪಾಲು ನೀರಿನ ಜೊತೆ ಬೆರೆಸಿ ಅದನ್ನಷ್ಟೇ ಬಳಸಿ. ಬೆರೆಸುವ ಗೋಜಿಲ್ಲದೆ ಡಬ್ಬಿಯಿಂದ ನೇರ ಬಳಸುವ ಟಾರ್ಡನ್ ಆರ್‌ಟಿಯು ಬಹಳ ಜನಪ್ರಿಯ. ಅದರಲ್ಲಿ ಪಿಕ್ಲೋರಾಮ್ ಮತ್ತು 2,4-ಡಿ ಇವೆ. ಬೇಲಿಸಾಲಿನ ನಾಲ್ಕು ಮರಕ್ಕೆ ಸರಿಯೇ, ಆದರೆ ಪಿಕ್ಲೋರಾಮ್ ಕೂಡ ಮಣ್ಣಲ್ಲಿ ಉಳಿದು, ನೀರಿನೊಡನೆ ಚಲಿಸುವ ಜಾತಿಯದು. ಒಳ್ಳೆಯ ಓಕ್‌ಗಳ ನಡುವೆ ಎಕರೆಗಟ್ಟಲೆ ಬಳಸಲು ನಾವು ಒಪ್ಪುವುದಿಲ್ಲ.

ಕಚ್ಚು ಹಾಕುವ ಕ್ರಮ

ನಿಯಮ ಸರಳ: ಮರದ ಅಡ್ಡಳತೆ ಎಷ್ಟು ಇಂಚೋ ಅಷ್ಟು ಕಚ್ಚು, ಕಚ್ಚಿಗೆ 1 ಮಿಲಿ. ಆರು ಇಂಚಿನ ಮರಕ್ಕೆ ಆರು. ಪ್ರತಿ ಮರಕ್ಕೂ ಟೇಪು ಸುತ್ತಬೇಕಿಲ್ಲ. ಸುತ್ತಳತೆ ಅಡ್ಡಳತೆಯ 3.14 ಪಟ್ಟು ಆದ್ದರಿಂದ, ಮರ ಯಾವ ಗಾತ್ರದ್ದೇ ಆಗಲಿ ಒಂದು ಕಚ್ಚಿನ ನಡುವಿನಿಂದ ಇನ್ನೊಂದರ ನಡುವಿಗೆ ಮೂರು ಇಂಚಿನಷ್ಟು ದೂರ ಬರುತ್ತದೆ. ಬಾಯಿ 1.75 ಇಂಚಿನದಾದರೆ ನಡುವೆ ಉಳಿಯುವ ತೊಗಟೆ ಎರಡು ಬೆರಳಗಲಕ್ಕಿಂತ ಸ್ವಲ್ಪ ಕಡಿಮೆ. ಆ ತೊಗಟೆ ಉಳಿಯಬೇಕು. ಜೀವಂತ ಪಟ್ಟಿಗಳ ಮೂಲಕವೇ ಮದ್ದು ಬೇರಿಗೆ ಇಳಿಯುವುದು. ಸೊಂಟದ ಎತ್ತರದಲ್ಲಿ, ಮೇಲಿನಿಂದ ಕೆಳಗೆ ಸುಮಾರು 45 ಡಿಗ್ರಿ ಓರೆಯಾಗಿ ಹೊಡೆಯಿರಿ. ತೊಗಟೆ ದಾಟಿ ಒಳಗಿನ ಬಿಳಿ ಹಸಿಮರಕ್ಕೆ ತಾಗಬೇಕು. ಕೊಡಲಿಯನ್ನು ಕೀಳುವ ಮೊದಲು ಹಿಡಿಯನ್ನು ಸ್ವಲ್ಪ ಹೊರಕ್ಕೆ ಮೀಟಿದರೆ ಚಕ್ಕೆ ಬಾಯ್ತೆರೆದು ಪುಟ್ಟ ಬಟ್ಟಲಾಗುತ್ತದೆ, ಆ ಬಟ್ಟಲಿಗೆ ಒಂದು ಒತ್ತು. ಮದ್ದು ಒಳಗೆ ನಿಲ್ಲದೆ ತೊಗಟೆಯ ಮೇಲೆ ಇಳಿದರೆ ಆ ಕಚ್ಚು ಲೆಕ್ಕಕ್ಕಿಲ್ಲ.

ಒಂದು ಕ್ವಾರ್ಟಿನಲ್ಲಿ 946 ಮಿಲಿ. ಆರು ಇಂಚಿನ ಮರಗಳಾದರೆ ಸುಮಾರು 150 ಮರಕ್ಕೆ ಸಾಕು. ಎಕರೆಗೆ ಸರಾಸರಿ ಎಂಟು ಇಂಚಿನ 80 ಮರ ಕೊಲ್ಲಬೇಕೆಂದರೆ ಖರ್ಚಾಗುವುದು 640 ಮಿಲಿ ಮಿಶ್ರಣ, ಅದರಲ್ಲಿ ಆರ್ಸೆನಲ್ ಬರೀ 64 ಮಿಲಿ. ಇದರ ಅಗ್ಗತನ ಗೊತ್ತಾಗುವುದು ಇಲ್ಲಿ.

ಕಾಲ ಬಹಳ ಮುಖ್ಯ. ಬೇಸಿಗೆಯ ನಡುವಿನಿಂದ ಚಳಿಗಾಲದವರೆಗೆ ಯಾವಾಗಲಾದರೂ ಮಾಡಬಹುದು. ವಸಂತದಲ್ಲಿ ಸೊನೆ ಏರುವಾಗ ಮಾಡಬಾರದು. ಆಗ ಮೇಪಲ್‌ಗೆ ಕಚ್ಚು ಹಾಕಿದರೆ ಸೊನೆ ಒಳಗಿನಿಂದ ಉಕ್ಕಿ ಮದ್ದನ್ನು ಹೊರಗೆ ತೊಳೆದುಬಿಡುತ್ತದೆ. ಬೇಟೆಯ ಹಂಗಾಮು ಮುಗಿದ ಜನವರಿ, ಫೆಬ್ರುವರಿ ಅನೇಕರಿಗೆ ಅನುಕೂಲ. ಎಲೆಯಿಲ್ಲದ ಕಾಡಿನಲ್ಲಿ ಕಣ್ಣು ದೂರ ಹೋಗುತ್ತದೆ, ಉಣ್ಣಿಯ ಕಾಟ ಕಡಿಮೆ, ಜಿಂಕೆ ಕದಲಿದರೂ ಬೇಟೆ ಕೆಡುವುದಿಲ್ಲ. ಅದೇ ಟ್ರೀ ಆಫ್ ಹೆವನ್ ಎಂಬ ಚೀನೀ ಮೂಲದ ಕಳೆಮರಕ್ಕೆ ಮಾತ್ರ ಜುಲೈನಿಂದ ಎಲೆ ಬಣ್ಣ ತಿರುಗುವವರೆಗಿನ ಅವಧಿಯೇ ಆಗಬೇಕು, ಬುಡ ಕಡಿಯಲೇಬಾರದು. ಕಡಿದರೆ ಬೇರಿನುದ್ದಕ್ಕೂ ಹತ್ತಾರು ಕಂದುಗಳು ಏಳುತ್ತವೆ.

ಮೂರು ಇಂಚಿಗಿಂತ ಸಣ್ಣ ಗಿಡಕ್ಕೆ ಕೊಡಲಿ ಬೀಸಬೇಡಿ. ಗಿಡ ಬಾಗುತ್ತದೆ, ಅಲಗು ಜಾರಿ ಮೊಣಕಾಲಿಗೆ ಬರುತ್ತದೆ. ಅವನ್ನು ಕತ್ತರಿಸಿ ಬುಡದ ಮುಖಕ್ಕೆ ತಕ್ಷಣ ಮದ್ದು ಹಚ್ಚುವುದೇ ಸರಿ.

ಮರ ಸಾಯದೆ ಉಳಿದರೆ ಕಾರಣ ಹೆಚ್ಚಾಗಿ ಇವುಗಳಲ್ಲೊಂದು: ಕಚ್ಚು ಕಡಿಮೆ ಬಿದ್ದಿದೆ, ದಪ್ಪ ತೊಗಟೆಯಲ್ಲೇ ಕೊಡಲಿ ನಿಂತಿದೆ, ಹಾಕಿದ ಸ್ವಲ್ಪ ಹೊತ್ತಿಗೇ ಮಳೆ ಬಂದಿದೆ, ಅಥವಾ ಒಂದೇ ಬುಡದಿಂದೆದ್ದ ಮೂರು ಕಾಂಡಗಳಲ್ಲಿ ಎರಡಕ್ಕೆ ಮಾತ್ರ ಮದ್ದು ಸಿಕ್ಕಿದೆ. ಚಳಿಗಾಲದಲ್ಲಿ ಮಾಡಿದ ಮರ ಏಪ್ರಿಲಿನಲ್ಲಿ ಚಿಗುರು ಬಿಡುವುದನ್ನು ನೋಡಿ ಸೋತೆವೆಂದು ಮತ್ತೆ ಕೊಡಲಿ ಎತ್ತಬೇಡಿ. ಆ ಎಲೆ ಸಣ್ಣದಾಗಿ, ಮುರುಟಿಕೊಂಡು ಬಂದಿದ್ದರೆ ಮದ್ದು ಕೆಲಸ ಮಾಡುತ್ತಿದೆ ಎಂದೇ ಅರ್ಥ. ಬೇಸಿಗೆ ಕಳೆಯುವವರೆಗೆ ಕಾಯಿರಿ.

ಚೈನ್‌ಸಾ ಜೊತೆ ಹೋಲಿಸಿದರೆ

ಹನ್ನೆರಡು ಇಂಚಿಗಿಂತ ದಪ್ಪದ ಮರಕ್ಕೆ ಚೈನ್‌ಸಾ ವೇಗ. ಸುತ್ತಲೂ ಒಂದು ಇಂಚಿನಷ್ಟು ಆಳದ ಉಂಗುರ ಕೊಯ್ದು ಅದರೊಳಗೆ ಅದೇ ಮಿಶ್ರಣ ಬಿಡಬಹುದು. ಮದ್ದಿಲ್ಲದೆ ಉಂಗುರ ಮಾತ್ರ ಹಾಕುವವರೂ ಇದ್ದಾರೆ. ಕೆಂಪು ಮೇಪಲ್ ಅಂಥ ಗಾಯವನ್ನು ಕೂಡಿಸಿಕೊಂಡು ಬದುಕುತ್ತದೆ, ಇಲ್ಲವೇ ಬುಡದಿಂದ ಚಿಗುರುತ್ತದೆ. 50 ಸಿಸಿ ವರ್ಗದ ಸ್ಟಿಲ್ ಎಂಎಸ್ 261 ಥರದ ಯಂತ್ರ ಈ ಕೆಲಸಕ್ಕೆ ಧಾರಾಳ ಸಾಕು, ಆದರೆ ಅದರ ಬೆಲೆ ಕೈಗೊಡಲಿಯ ಬೆಲೆಯ ಹತ್ತಾರು ಪಟ್ಟು. ಹೆಲ್ಮೆಟ್, ಚಾಪ್ಸ್ ಎಂಬ ಕಾಲುಕವಚ, ತರಬೇತಿ ಬೇರೆ.

ಬೇಟೆಗಾರರ ನಡುವೆ ಹಿಂಜ್ ಕಟಿಂಗ್ ಒಂದು ಗೀಳಿನಂತೆ ಹಬ್ಬಿದೆ. ಎದೆಮಟ್ಟದಲ್ಲಿ ಮುಕ್ಕಾಲು ಭಾಗ ಕೊಯ್ದು, ಮರವನ್ನು ಜೀವಂತವಾಗಿಯೇ ಬಾಗಿಸಿ ಮಲಗಿಸುವುದು. ತಲೆಯ ಚಿಗುರು ತಕ್ಷಣ ಜಿಂಕೆಯ ಬಾಯಿಗೆ ಸಿಗುತ್ತದೆ, ಮರೆಯೂ ಆಗುತ್ತದೆ, ನಿಜ. ಎಕರೆಯ ಕಾಲುಭಾಗದಷ್ಟು ಮಲಗುತಾಣಕ್ಕೆ ಚೆನ್ನ. ಇಡೀ ಕಾಡಿಗೆ ಬೇಡ. ಮಲಗಿದ ಮರ ಚಿಗುರಿ ಮತ್ತೆ ನೆರಳು ಕಟ್ಟುತ್ತದೆ, ಅಡ್ಡಾದಿಡ್ಡಿ ಬಿದ್ದ ರಾಶಿಯಲ್ಲಿ ಜಿಂಕೆಗೂ ದಾರಿಯಿಲ್ಲ, ಮುಂದೆ ಬೆಂಕಿ ಹಾಯಿಸುವವರಿಗೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆರು ಇಂಚು ಮೀರಿದ ಮರವನ್ನು ಹಾಗೆ ಕೊಯ್ಯುವಾಗ ಕಾಂಡ ಉದ್ದಕ್ಕೆ ಸೀಳಿ ಹಿಂದಕ್ಕೆ ಒದೆಯಬಹುದು. ಆಶ್ ಮರ ಇದಕ್ಕೆ ಕುಖ್ಯಾತ. ಎದೆಮಟ್ಟದಲ್ಲಿ ನಡೆಯುವ ಆ ಒದೆತಕ್ಕೆ ಎದೆ, ಮುಖವೇ ಸಿಗುವುದು.

ನಿಂತಲ್ಲೇ ಒಣಗಿದ ಮರದ ದೊಡ್ಡ ಲಾಭ, ಉಳಿಸಿದ ಓಕಿನ ಬುಡದಲ್ಲಿ ರೆಂಬೆಗಳ ರಾಶಿ ಬೀಳುವುದಿಲ್ಲ. ರೆಂಬೆ ಸ್ವಲ್ಪ ಸ್ವಲ್ಪವೇ ಉದುರುತ್ತದೆ, ಮರಕುಟಿಗಕ್ಕೆ ಪೊಟರೆಯೂ ಸಿಗುತ್ತದೆ. ನಷ್ಟವೂ ಅದರಲ್ಲೇ ಇದೆ. ಒಣಮರ ಯಾವಾಗ ಬೀಳುತ್ತದೆ ಎಂದು ಯಾರೂ ಹೇಳಲಾರರು. ದಾರಿ, ಗಡಿಬೇಲಿ, ಕ್ಯಾಬಿನ್ ಇವುಗಳಿಂದ ಒಂದೂವರೆ ಮರದುದ್ದದೊಳಗೆ ಮದ್ದು ಹಾಕಿ ನಿಲ್ಲಿಸಬೇಡಿ, ಅಲ್ಲಿ ಕಡಿದು ಉರುಳಿಸಿ. ಬೇಟೆಯ ಅಟ್ಟಣೆ ಕಟ್ಟುವ ಮರದ ಸುತ್ತಲೂ ಇದೇ ನಿಯಮ. ಗಾಳಿ ಬೀಸುವ ದಿನ ಮದ್ದು ಹಾಕಿದ ತಾಕಿಗೆ ಕಾಲಿಡಲೇಬೇಡಿ.

ಎಲ್ಲಿ ಬಳಸಬೇಕು

ಇಡೀ ಕಾಡನ್ನು ಒಂದೇ ವರ್ಷ ತೆರೆಯಬೇಡಿ. ಎರಡರಿಂದ ಐದು ಎಕರೆಯ ತಾಕುಗಳಾಗಿ ಮಾಡಿ, ವರ್ಷಕ್ಕೊಂದು. ಆಗ ಒಂದು ತಾಕು ಹೊಸ ಸೊಪ್ಪಿನಲ್ಲಿದ್ದರೆ ಇನ್ನೊಂದು ಮಟ್ಟಿಯಾಗಿ ಮರೆ ಕೊಡುತ್ತಿರುತ್ತದೆ. ದಟ್ಟ ಮಟ್ಟಿ ಜಮೀನಿನ ನಡುವಿಗೆ ಇರಲಿ, ಗಡಿಯಲ್ಲಿ ಬೇಡ. ಗಡಿಯ ಮಟ್ಟಿಯಲ್ಲಿ ಮಲಗಿದ ಜಿಂಕೆ ಎದ್ದು ಹೋಗುವುದು ಪಕ್ಕದವರ ಅಟ್ಟಣೆಯ ಕೆಳಗೆ. ಬೇಟೆಗಾರ ಒಳಬರುವ ದಾರಿ ಮಲಗುತಾಣದ ಕಡೆಯಿಂದ ಗಾಳಿ ಬೀಸಿ ಬರುವ ಬದಿಯಲ್ಲಿರಬೇಕು. ಗುಡ್ಡದ ಜಾಗದಲ್ಲಿ ಇನ್ನೊಂದು ಲೆಕ್ಕ ಸೇರುತ್ತದೆ: ಸಂಜೆ ತಂಪಾದ ಗಾಳಿ ಇಳಿಜಾರಿನಲ್ಲಿ ಕೆಳಗೆ ಹರಿದು ವಾಸನೆಯನ್ನು ಕಣಿವೆಗೆ ಒಯ್ಯುತ್ತದೆ, ಬೆಳಿಗ್ಗೆ ಬಿಸಿಲೇರಿದಂತೆ ಮೇಲಕ್ಕೆ. ಆದ್ದರಿಂದ ಸಂಜೆಯ ಅಟ್ಟಣೆ ಜಿಂಕೆ ಓಡಾಡುವ ಹಾದಿಗಿಂತ ಕೆಳಗಿರಲಿ. ಅಟ್ಟಣೆ ತೆರೆದ ತಾಕಿನ ಒಳಗೆ ಅಲ್ಲ, ಮುಚ್ಚಿದ ಕಾಡೂ ಹೊಸ ಮಟ್ಟಿಯೂ ಸೇರುವ ಅಂಚಿನಲ್ಲಿ. ಎಲ್ಲ ಕಡೆ ಒಂದೇ ಸಮ ತೆರೆದರೆ ಜಿಂಕೆ ಎಲ್ಲಿ ಬೇಕಾದರೂ ತಿನ್ನುತ್ತದೆ, ಎಲ್ಲಿ ಕಾಯಬೇಕೆಂದು ಬೇಟೆಗಾರನಿಗೆ ತಿಳಿಯದು.

ತೆರೆಯುವ ಮೊದಲು ನೆಲ ನೋಡಿ. ಜಪಾನೀ ಸ್ಟಿಲ್ಟ್‌ಗ್ರಾಸ್ ಹಾಸಿರುವ ಜಾಗಕ್ಕೆ ಬಿಸಿಲು ಬಿಟ್ಟರೆ ಅದೇ ಮೊಣಕಾಲೆತ್ತರ ಏಳುತ್ತದೆ, ಜಿಂಕೆ ಅದನ್ನು ಮೂಸಿಯೂ ನೋಡುವುದಿಲ್ಲ. ಅದು ವಾರ್ಷಿಕ ಹುಲ್ಲು. ಬೀಜ ಕಟ್ಟುವ ಮೊದಲು ಹುಲ್ಲನ್ನು ಮಾತ್ರ ಕೊಲ್ಲುವ ಕ್ಲೆಥೋಡಿಮ್ ಹೊಡೆದು, ಒಂದೆರಡು ಹಂಗಾಮು ಅದನ್ನು ಹತೋಟಿಗೆ ತಂದ ಮೇಲೆ ಮರದ ಕೆಲಸ. ಬುಷ್ ಹನಿಸಕಲ್, ಆಟಮ್ ಆಲಿವ್ ಎಂಬ ಕಳೆಪೊದೆಗಳು ಇರುವಲ್ಲೂ ಅವುಗಳ ಸರದಿ ಮೊದಲು.

ತೆರೆದ ಮೇಲೆ ಬೆಂಕಿ ಇಲ್ಲದಿದ್ದರೆ ನಾಲ್ಕಾರು ವರ್ಷದಲ್ಲಿ ಸಸಿಗಳು ಜಿಂಕೆಯ ಬಾಯಿಗೆಟುಕುವ ಎತ್ತರ ದಾಟುತ್ತವೆ. ಮೂರರಿಂದ ಐದು ವರ್ಷಕ್ಕೊಮ್ಮೆ ತಗ್ಗು ಜ್ವಾಲೆಯ ಯೋಜಿತ ಬೆಂಕಿ ಅವನ್ನು ಬುಡಕ್ಕೆ ತಂದು ಮತ್ತೆ ಚಿಗುರಿಸುತ್ತದೆ. ರಾಜ್ಯದ ಅರಣ್ಯ ಇಲಾಖೆಯ ಅನುಮತಿ, ಲಿಖಿತ ಯೋಜನೆ, ಅನುಭವಿಗಳು ಇಲ್ಲದೆ ಕಡ್ಡಿ ಗೀರಬೇಡಿ. ಹೊತ್ತಿಕೊಂಡ ಒಣಮರ ಎತ್ತರದಿಂದ ಕಿಡಿ ಉದುರಿಸುವುದರಿಂದ ಬೆಂಕಿಗೆರೆಯ ಹತ್ತಿರದವನ್ನು ಮೊದಲೇ ಉರುಳಿಸಬೇಕು. ಒಳ್ಳೆಯ ಓಕಿನ ಬುಡದ ಎಲೆ, ಸೌದೆಗಳನ್ನು ಸರಿಸಿಡಬೇಕು.

ಇಷ್ಟೆಲ್ಲ ಮಾಡಿಯೂ ನೆಲ ಬೋಳಾಗಿಯೇ ಉಳಿದರೆ, ಜರೀಗಿಡ ಮಾತ್ರ ಕಂಡರೆ, ಸಾಮಾನಿನದಲ್ಲ ದೋಷ, ಜಿಂಕೆಯೇ ಹೆಚ್ಚು. ಬಲೆಯ ಬೇಲಿ ಹಾಕಿದ ನಾಲ್ಕಡಿ ಅಗಲದ ಒಂದು ಸಣ್ಣ ಗೂಡು ತಾಕಿನಲ್ಲಿ ನಿಲ್ಲಿಸಿ. ಗೂಡಿನೊಳಗೆ ಸೊಪ್ಪು ಎದ್ದು ಹೊರಗೆ ಏಳದಿದ್ದರೆ ಹೆಣ್ಣು ಜಿಂಕೆಗಳ ಬೇಟೆಯನ್ನು ಕಾನೂನಿನ ಮಿತಿಯಲ್ಲಿ ಹೆಚ್ಚಿಸಬೇಕು. ಇದಕ್ಕೆ ಹೆಚ್ಚುವರಿ ಪರವಾನಗಿ ಕೊಡುವ ಯೋಜನೆ ಅನೇಕ ರಾಜ್ಯಗಳಲ್ಲಿದೆ, ಜಮೀನಿಗೇ ಬಂದು ಉಚಿತವಾಗಿ ನೋಡಿ ಹೇಳುವ ವನ್ಯಜೀವಿ ತಜ್ಞರೂ ಹಲವು ರಾಜ್ಯಗಳ ಇಲಾಖೆಯಲ್ಲಿದ್ದಾರೆ.

ಸ್ವಂತವಾಗಿ ಮಾಡಲಾಗದವರು ಅಮೆರಿಕದ ಕೃಷಿ ಇಲಾಖೆಯ ಎನ್‌ಆರ್‌ಸಿಎಸ್ (ನೈಸರ್ಗಿಕ ಸಂಪನ್ಮೂಲ ಸಂರಕ್ಷಣಾ ಸೇವೆ) ಕಚೇರಿಯಲ್ಲಿ ಇಕ್ವಿಪ್ ಎಂಬ ಸಹಾಯಧನದ ಯೋಜನೆ ಕೇಳಬಹುದು. ಅಲ್ಲಿ ಈ ಮರದ ಕೆಲಸದ ಹೆಸರು ಫಾರೆಸ್ಟ್ ಸ್ಟ್ಯಾಂಡ್ ಇಂಪ್ರೂವ್‌ಮೆಂಟ್, ಸಂಕೇತ 666, ಯೋಜಿತ ಬೆಂಕಿಗೆ 338. ಖರ್ಚಿನ ಒಂದು ಪಾಲು ಬರುತ್ತದೆ, ಮೊತ್ತ ರಾಜ್ಯಕ್ಕೂ ವರ್ಷಕ್ಕೂ ಬೇರೆ. ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಕೆಲಸ ಶುರುಮಾಡಿದರೆ ಆ ಹಣ ಸಿಗುವುದಿಲ್ಲ. ಗುತ್ತಿಗೆಯವರನ್ನು ಕರೆದರೆ ಅವರ ಬಳಿ ರಾಜ್ಯದ ಮದ್ದು ಸಿಂಪಡಿಕೆ ಪರವಾನಗಿ ಇದೆಯೇ ನೋಡಿ. ಎಕರೆಗಲ್ಲ, ಮುಗಿದ ಮೇಲೆ ಉಳಿಯಬೇಕಾದ ಬೇಸಲ್ ಏರಿಯಾಕ್ಕೆ ಒಪ್ಪಂದ ಬರೆಯಿರಿ. ಎಕರೆಗೆ ಇಷ್ಟೆಂದು ಮಾತಾದರೆ ಸುಲಭವಾಗಿ ಸಿಗುವ ಸಣ್ಣ ಮರ ಮಾತ್ರ ಸಾಯುತ್ತದೆ, ನೆರಳು ಕೊಡುವ ದೊಡ್ಡದು ಹಾಗೇ ನಿಂತಿರುತ್ತದೆ.

ಮಿಶ್ರಣ ಆ ದಿನಕ್ಕೆ ಬೇಕಾದಷ್ಟೇ ಮಾಡಿ. ಉಳಿದರೆ ಬಾಟಲಿಯ ಮೇಲೆ ಮದ್ದುಗಳ ಹೆಸರು, ಪ್ರಮಾಣ, ದಿನಾಂಕ ಬರೆದು ಬೀಗದೊಳಗೆ, ಹಿಮಗಟ್ಟದ ಜಾಗದಲ್ಲಿಡಿ. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ತೊಳೆದ ನೀರನ್ನು ಮುಂದಿನ ಮಿಶ್ರಣದ ನೀರಿನ ಪಾಲಿಗೇ ಸೇರಿಸಿ.